ಮಡ್‌ಗಾರ್ಡ್ ಬಿಚ್ಚಿದ ಗಾಡಿ

ಮೈಸೂರಿನಿಂದ ಒಬ್ಬಳೇ ಬೈಕಿನಲ್ಲಿ ಹೊರಟು ಇದು ಮೂರನೆಯ ದಿನ. ಮುಂಡರಗಿಯವರೆಗೆ ಸುಡುಬಿಸಿಲಿತ್ತು. ಅಂತೂರ ಬೆಂತೂರದ ಹೊಲದ ದಾರಿಗೆ ಇಳಿದದ್ದೇ ಮಳೆ ಸುರಿಯಿತು. ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಮುಂದಿನ ಗಾಲಿ ತಿರುಗದೆ ನಿಂತಿತು. ಕೆರೆದು ತೆಗೆದರೂ ಎರಡು ಮಾರು ಹೋಗುವಷ್ಟರಲ್ಲಿ ಮತ್ತೆ ಬಿಗಿಯುತ್ತಿತ್ತು.

ಬದುವಿನ ಮೇಲೆ ಬರುತ್ತಿದ್ದ ಅಜ್ಜಿಯೊಬ್ಬಳು ನಿಂತು ನೋಡಿದಳು. "ಮಳಿಗಾಲದಾಗ ನಮ್ಮ ಮಂದಿ ಮುಂದಿನ ಮಡಗಾರ್ಡ ಬಿಚ್ಚಿ ಮನ್ಯಾಗ ಇಡ್ತಾರ ಯವ್ವಾ. ಪಾನಾ ಐತಿಲ್ಲ?"

ಸ್ಪ್ಯಾನರ್ ತೆಗೆದು ಮಡ್‌ಗಾರ್ಡ್ ಬಿಚ್ಚಿದೆ, ಸೀಟಿನ ಹಿಂದೆ ಕಟ್ಟಿದೆ. ಗಾಲಿ ತಿರುಗಿತು. ಕೆಸರು ಮುಖಕ್ಕೆ ರಾಚಿದರೂ ಡಾಂಬರು ಸಿಗುವವರೆಗೆ ಕಾಲು ಕೆಳಗಿಡಲಿಲ್ಲ.

ಗದಗಿನಲ್ಲಿ ಮತ್ತೆ ಬಿಸಿಲು. ಚಹಾದಂಗಡಿಯವನು ಮಡ್‌ಗಾರ್ಡಿಲ್ಲದ ಬೋಳು ಗಾಲಿ ನೋಡಿದ, ಕೆಸರು ಮೆತ್ತಿದ ನನ್ನ ಮುಖ ನೋಡಿದ. ದಾರಿಯುದ್ದಕ್ಕೂ ಎಲ್ಲರೂ ಕೇಳಿದ "ಒಬ್ಬರೇ ಬಂದಿರಾ?" ಎಂಬುದನ್ನು ಅವನು ಕೇಳಲಿಲ್ಲ.

"ಹೊಲದ ಕಡೆ ಮಳಿ ಚಲೋ ಆತೇನ್ರಿ ಅಕ್ಕಾರ?"

"ಚಲೋ ಆತ್ರಿ," ಎಂದೆ.