ಬಲಗಡೆ ಬೀಳದ ಹೂ

ಹೂ ಬಲಗಡೆ ಬೀಳಲಿಲ್ಲ. ಬಿದ್ದಿತೆಂದು ನಾನು ಅಣ್ಣಯ್ಯನಿಗೆ ಸುಳ್ಳು ಹೇಳಿದೆ. ಆ ಒಂದು ಮಾತಿನ ಮೇಲೆ ಅವನು ಎಗ್ಮೋರಿನ ಹೋಟೆಲು ಬಿಟ್ಟುಕೊಟ್ಟ, ಕಂಪೆನಿ ಕಟ್ಟಿದ, ಎಲ್ಲವನ್ನೂ ಕಳೆದುಕೊಂಡ — ತಪ್ಪು ತನ್ನದೇ ಎಂದು ಇಷ್ಟು ವರ್ಷ ನಂಬಿಕೊಂಡೂ ಬಂದ. ಇದನ್ನು ಹೇಗೆ ತಿರುಗಿಸಿ ಹೇಳಿದರೂ ಚಿಕ್ಕದಾಗುವುದಿಲ್ಲ. ತಿರುಗಿಸುವ ಶಕ್ತಿಯೂ ಈಗ ನನ್ನಲ್ಲಿ ಉಳಿದಿಲ್ಲ.

ನಮ್ಮದು ಕುಂದಾಪುರದ ಕಡೆಯ ಮನೆ. ಅಣ್ಣಯ್ಯ ಮದರಾಸಿಗೆ ಬಂದು, ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಎಗ್ಮೋರ್ ಸ್ಟೇಷನ್ನಿನ ಎದುರು ಬೀದಿಯಲ್ಲಿ ಸ್ವಂತ ಹೋಟೆಲು ಹಾಕಿದವನು. ನನ್ನನ್ನು ಓದಿಸಿದ, ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದ. ರೈಲಿಳಿದವರು ಬೆಳಗಿನ ಇಡ್ಲಿಗೆ ನೇರ ನಮ್ಮಲ್ಲಿಗೇ ಬರುತ್ತಿದ್ದರು. ಚಿಲ್ಲರೆ ಎಣಿಸಿ ಎಣಿಸಿ ನನಗೆ ಸಾಕಾಗಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಲಿ ಕೇಳಿದರೂ ಹೊಸ ಕಂಪೆನಿಗಳ ಮಾತು. ನಮ್ಮ ಟೇಬಲ್ಲುಗಳಲ್ಲೇ ಟೈ ಕಟ್ಟಿದವರು ಕಾಫಿ ಕುಡಿಯುತ್ತ ಕೋಟಿಗಳಲ್ಲಿ ಮಾತಾಡುತ್ತಿದ್ದರು. ಬಿಲ್ಲು ಮಾತ್ರ ಹಂಚಿಕೊಂಡು ಕೊಡುತ್ತಿದ್ದರು. ಅವರಲ್ಲೊಬ್ಬ ನನ್ನ ತಲೆಗೆ ಹುಳ ಬಿಟ್ಟ. ಪಲ್ಲಾವರಂನಲ್ಲಿ ಒಂದು ದೊಡ್ಡ ಅಡುಗೆಮನೆ, ಅಲ್ಲಿಂದ ವ್ಯಾನುಗಳಲ್ಲಿ ಹೊಸ ಆಫೀಸುಗಳಿಗೆಲ್ಲ ತಿಂಡಿ, ಊಟ. ಪ್ರೈವೇಟ್ ಲಿಮಿಟೆಡ್. ಅಣ್ಣಯ್ಯ ಛೇರ್ಮನ್, ನಾನು ಡೈರೆಕ್ಟರ್. ಬಂಡವಾಳಕ್ಕೆ ಹೋಟೆಲನ್ನು ಬಿಟ್ಟುಕೊಡಬೇಕು, ಅಷ್ಟೆ. ಅಣ್ಣಯ್ಯನ ಕಿವಿಗೆ ಹಾಕುವ ಮೊದಲೇ ನಾನು ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿ ಮಾವನ ಮನೆಯಲ್ಲಿ ಹಂಚಿ ಬಂದಿದ್ದೆ. ಹೌದು — ನಗಬಹುದು.

ಅಣ್ಣಯ್ಯ ಹಾಸಿಗೆ ಇದ್ದಷ್ಟು ಕಾಲು ಚಾಚುವವನು. ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. "ಊರಿಗ್ ಹೋಯಿ ದೇವ್ರ ಹತ್ರ ಪ್ರಸಾದ ಕೇಳ್ಕಂಡ್ ಬಾ. ಬಲಕ್ ಕೊಟ್ರೆ ಮಾಡುವ. ಇಲ್ದಿರೆ ಈ ಸುದ್ದಿಯೇ ಬ್ಯಾಡ" ಎಂದ. ಮನೆದೇವರ ಮೂರ್ತಿಯ ಮೇಲೆ ಹೂವಿಟ್ಟು ಪ್ರಾರ್ಥಿಸುವುದು. ಬಲಗಡೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡವೆಂದು ಅರ್ಥ. ನಮ್ಮಲ್ಲಿ ಮದುವೆಯಿಂದ ಹಿಡಿದು ಬಾವಿ ತೋಡುವವರೆಗೆ ಎಲ್ಲಕ್ಕೂ ಇದೇ. ಹೋಟೆಲು ಬಿಟ್ಟು ಅವನು ಹೊರಡುವಂತಿರಲಿಲ್ಲ, ನನ್ನನ್ನು ಕಳಿಸಿದ.

ಭಟ್ಟರು ಮಂತ್ರ ಹೇಳಿ ಕಾದರು. ಹೂ ಅಲುಗಲಿಲ್ಲ. ಮತ್ತೊಮ್ಮೆ ಪ್ರಾರ್ಥಿಸಿದರು. ಬಹಳ ಹೊತ್ತಿನ ಮೇಲೆ ಒಂದೇ ಒಂದು ಹೂ — ಎಡಕ್ಕೆ. "ಈಗ ಬ್ಯಾಡ ಅಂತ್ ಕಾಣತ್ತ್. ಒಂಚೂರ್ ತಡ್ಕಣಿ" ಎಂದರು ಭಟ್ಟರು.

ದೇವಸ್ಥಾನದ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿದೆ. ಆ ತುದಿಯಲ್ಲಿ ತಟ್ಟೆ ಲೋಟಗಳ ಸದ್ದು, ಅದರ ನಡುವೆ ಅಣ್ಣಯ್ಯ: "ಎಂತ ಆಯ್ತ್?"

"ಬಲಕ್ಕೇ ಆಯ್ತ್ ಅಣ್ಣಯ್ಯ."

ಅವನು ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಕೈ ಮುಗಿಯುತ್ತಿದ್ದಿರಬೇಕು.

ಇಂಥದ್ದನ್ನೆಲ್ಲ ನಾನು ನಂಬುವವನಲ್ಲ, ನಂಬದವನು ಹೇಳಿದರೆ ಅದು ಸುಳ್ಳಾಗುವುದಿಲ್ಲ — ಎಂದು ವಾಪಸು ಬರುವಾಗ ಸಮಾಧಾನ ಮಾಡಿಕೊಂಡೆ. ಹಾಗಾದರೆ ಬೂತಿನಿಂದ ಮತ್ತೆ ದೇವಸ್ಥಾನದ ಒಳಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದದ್ದು ಯಾಕೆ?

ಕಂಪೆನಿ ಮೊದಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ, ಬೇಸಗೆಯಲ್ಲಿ ವ್ಯಾನು ತಲುಪುವಷ್ಟರಲ್ಲಿ ಸಾಂಬಾರು ಹಳಸತೊಡಗಿತು. ಆಫೀಸಿನ ಹುಡುಗರಿಗೆ ದಿನಾ ನಮ್ಮ ಪಲ್ಯ ಬೇಡ, ಪನೀರು ಬೇಕು. ಕೊನೆಗೆ ನಮ್ಮಿಂದ ಊಟ ತರಿಸುತ್ತಿದ್ದ ಕಂಪೆನಿಗಳೇ ಒಂದೊಂದಾಗಿ ಬಾಗಿಲು ಹಾಕಿದವು. ನಾನು ಅಡುಗೆಯವರನ್ನು, ಡ್ರೈವರುಗಳನ್ನು, ರಸ್ತೆಯನ್ನು ಬೈದೆ — ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಅಣ್ಣಯ್ಯ ಯಾರನ್ನೂ ಬೈಯಲಿಲ್ಲ. ಪಲ್ಲಾವರಂನ ಅಡುಗೆಮನೆಗೆ ಬೀಗ ಹಾಕಿದ ದಿನ ಅಂದ: "ದೇವ್ರ್ ಬಲಕ್ಕೇ ಕೊಟ್ಟಿದ್ದ. ನಂದೇ ಎಂತದೋ ತಪ್ಪ್ ಆಯ್ತ್ ಮಾರಾಯ."

ಆಗ ಹೇಳಬಹುದಿತ್ತು. ಬದಲಿಗೆ ಹಾಕಿದ ಬೀಗವನ್ನೇ ಇನ್ನೊಮ್ಮೆ ಎಳೆದು ನೋಡಿದೆ.

ಅಂದಿನಿಂದ ಅವನು ರಾತ್ರಿಯ ಊಟ ಬಿಟ್ಟ. ಯಾವುದೆಂದು ತನಗೇ ತಿಳಿಯದ ತಪ್ಪಿಗೆ ಪ್ರಾಯಶ್ಚಿತ್ತ. ಹಗಲೆಲ್ಲ ಇನ್ನೊಬ್ಬರ ಹೋಟೆಲಿನಲ್ಲಿ ಸಂಬಳಕ್ಕೆ ನಿಂತು, ಮನೆಗೆ ಬಂದು ನೀರು ಕುಡಿದು ಮಲಗುತ್ತಿದ್ದ. ನಾನು ಅವನ ಪರಿಚಯದ ಮೇಲೆಯೇ ಒಂದು ಆಫೀಸಿನಲ್ಲಿ ಕೆಲಸ ಹಿಡಿದೆ. ದಿನಾ ರಾತ್ರಿ ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಹೋದ ತಿಂಗಳು ಅಣ್ಣಯ್ಯ ತಲೆ ತಿರುಗಿ ಬಿದ್ದ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅವನು ಕೇಳಬೇಕಲ್ಲ. ಅವನ ಮಗಳು ಸುಧಾ — ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ — ಫೋನಿನಲ್ಲಿ ಅತ್ತಳು: "ಚಿತ್ತಪ್ಪಾ, ನೀಂಗ ಸೊನ್ನಾ ಅಪ್ಪಾ ಕೇಪ್ಪಾರು." ನಾನು ಹೇಳಿದರೆ ಅಪ್ಪ ಕೇಳುತ್ತಾನಂತೆ. ಕೇಳಿದ್ದರಿಂದಲೇ ಅಲ್ಲವೆ ಇಷ್ಟೆಲ್ಲ ಆದದ್ದು.

ವೇಲಚೇರಿಯ ಅವರ ಬಾಡಿಗೆ ಫ್ಲ್ಯಾಟಿಗೆ ಹೋದೆ. ಉಳಿದವರು ಊಟಕ್ಕೆ ಕೂರುವ ಹೊತ್ತು. ಅಣ್ಣಯ್ಯ ಒಬ್ಬನೇ ಬಾಲ್ಕನಿಯಲ್ಲಿದ್ದ. ಪೀಠಿಕೆ ಹಾಕದೆ ಹೇಳಿದೆ — ಎಡಕ್ಕೆ ಬಿದ್ದ ಹೂ, ಭಟ್ಟರ ಮಾತು, ಮೊದಲೇ ಅಚ್ಚು ಹಾಕಿಸಿದ್ದ ಕಾರ್ಡು, ಎಲ್ಲ. ಕ್ಷಮೆ ಕೇಳಬೇಕೆಂದುಕೊಂಡು ಹೋಗಿದ್ದೆ, ಕೇಳಲು ನಾಚಿಕೆಯಾಯಿತು. ಅವನು ಬೈಯಲೆಂದು ಕಾದೆ.

"ಹಾಂಗಾರೆ ನಂದ್ ತಪ್ಪಲ್ಲ" ಎಂದ, ತನಗೇ ಹೇಳಿಕೊಂಡಂತೆ. ಎದ್ದು ಒಳಗೆ ಹೋಗಿ ತನಗೂ ಬಡಿಸುವಂತೆ ಮಗಳಿಗೆ ಹೇಳಿದ.

ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದನ್ನು ನಾನು ಬಾಗಿಲ ಬಳಿ ನಿಂತು ನೋಡಿದೆ. ಸಾಲ ವಸೂಲಿಗೆ ಬಂದವರನ್ನೂ ಉಣ್ಣಿಸದೆ ಕಳಿಸಿದವನಲ್ಲ ಅಣ್ಣಯ್ಯ. ಸುಧಾ ನನಗೂ ಒಂದು ತಟ್ಟೆ ತಂದಳು. ಅವನು ತಲೆಯೆತ್ತದೆ ಅಂದ: "ಬ್ಯಾಡ. ಅವ ಹೊರ್ಟ."

ಚಪ್ಪಲಿ ಹಾಕಿಕೊಂಡೆ. ಈಗ ದಿನಾ ರಾತ್ರಿ ಉಣ್ಣುತ್ತಾನೆಂದು ಸುಧಾ ಹೇಳುತ್ತಾಳೆ. ನನ್ನನ್ನು ಇನ್ನೂ ಕರೆದಿಲ್ಲ. ಕರೆಯದಿದ್ದರೂ ನ್ಯಾಯವೇ.