ದೊಡ್ಡವ್ವನ ಪಂಚಾಯ್ತಿ ಓಟು

ಮೊನ್ನೆ ಮೊಬೈಲ್‌ನಲ್ಲಿ ಒಂದು ಹಳೇ ವಿಡಿಯೋ ಬಂತು. ಅಮೆರಿಕದ ಕಪ್ಪು ಜನ ಓಟಿನ ಪಟ್ಟಿಗೆ ಎಸ್ರು ಸೇರ್ಸಕ್ಕೆ ಓದ್ರೆ, ಕುರ್ಚೀಲಿ ಕೂತಿರೋ ಬಿಳಿಯನೊಬ್ಬ ಇಲ್ಲದ್ದೆಲ್ಲ ಪ್ರಶ್ನೆ ಕೇಳಿ ವಾಪಸ್ ಕಳುಸ್ತಾವ್ನೆ. ಕೆಳಗಡೆ ನಮ್ ಕಡೆಯೋನೇ ಒಬ್ಬ ಕಾಮೆಂಟ್ ಆಕವ್ನೆ: ‘ಸದ್ಯ, ನಮ್ ದೇಸದಲ್ಲಿ ಇಂಥದ್ದೆಲ್ಲ ಇಲ್ಲ.’

ಇಲ್ವೇನ್ಲಾ? ಕೇಳು ಇಲ್ಲಿ.

ನಮ್ದು ಕಿರುಗಾವಲು ಕಡೆ ಒಂದು ಅಳ್ಳಿ. ನಾವು ಕಾಲೋನಿಯೋರು. ಎಮ್ಮೆಲ್ಲೆ ಎಲೆಕ್ಷನ್ ಬಂದ್ರೆ ಆಟೋ ಕಳ್ಸಿ ಕರ್ಕೊಂಡೋಯ್ತಾರೆ. ಪಂಚಾಯ್ತಿ ಓಟು ಮಾತ್ರ ನಾವು ಕಂಡೇ ಇಲ್ಲ. ನಮ್ ವಾರ್ಡಿಗೆ ಇರೋದು ಒಂದೇ ಸೀಟು. ಪ್ರತಿ ಸಲ ಊರ ಯಜಮಾನ್ರು ಮಾರಮ್ಮನ ಗುಡಿ ಜಗ್ಲಿ ಮೇಲೆ ಕೂತ್ಕೊಂಡು ‘ಇವ್ರೇ ಮೆಂಬ್ರು’ ಅಂತಾರೆ, ಮುಗೀತು. ಅದಕ್ಕೆ ಅವ್ರು ಇಟ್ಟಿರೋ ಎಸ್ರು ಊರೊಗ್ಗಟ್ಟು.

ಕಳೆದ ಸಲ ಆ ಸೀಟು ನಮ್ ಜನದ ಎಂಗುಸ್ರಿಗೆ ಮೀಸಲಾಯ್ತು. ಯಜಮಾನ್ರು ತಮ್ ಕೊಟ್ಟಿಗೇಲಿ ಸಗಣಿ ಬಾಚೋಳ್ನ ಗೊತ್ತು ಮಾಡುದ್ರು. ಪಾಪ, ಅವ್ಳು ಬ್ಯಾಡ ಅನ್ನಂಗೂ ಇಲ್ಲ. ಆಗ ನಮ್ ದೊಡ್ಡವ್ವ, ನಮ್ಮವ್ವನ ಅಕ್ಕ, ನಮ್ಮೆಲ್ರಂಗೆ ಕೂಲಿಗೆ ಕಬ್ಬು ಕಡಿಯೋಳು, ಯಾರ್ಗೂ ಏಳ್ದೆ ಓಗಿ ನಾಮಿನೇಷನ್ ಆಕ್ಬುಟ್ಲು.

“ಗೆಲ್ತೀಯ ದೊಡ್ಡವ್ವ?” ಅಂದೆ.

“ಗೆಲ್ಲಕ್ಕೆ ಯಾರ್ಲಾ ನಿಂತವ್ರೆ? ಇಬ್ರು ನಿಂತ್ರೆ ತಾನೆ ಡಬ್ಬ ಮಡುಗೋದು? ಒಂದ್ಸಲ ನಾನೂ ಪಂಚಾಯ್ತಿ ಓಟು ಆಕ್ಬೇಕು ಕಣ್ಲಾ. ಸೋತ್ರೆ ಸೋತೆ, ನನ್ ಗಂಟೇನ್ ಓದದು.”

ಸಾಯಂಕಾಲಕ್ಕೇ ಗುಡಿತಾವಿಂದ ಕರೆ ಬಂತು. ಅಲ್ಲೀಗಂಟ ನಾವು ಆ ದೇವ್ರಿಗೆ ರೋಡಿಂದ್ಲೇ ಕೈ ಮುಗೀತಿದ್ದೋರು. ಅವತ್ತು ಮಾತ್ರ “ಮೇಲಕ್ಕೆ ಬಾರಮ್ಮಿ” ಅಂತ ಮೆಟ್ಲು ಅತ್ತಿಸುದ್ರು. ಯಾಕೆ ಅಂತೀರಾ? ತಟ್ಟೇಲಿ ಕರ್ಪೂರ ಅಚ್ಚಿ ಮುಂದಕ್ಕೆ ಇಡುದ್ರು. ನಮ್ ಕಡೆ ಕರ್ಪೂರ ಮುಟ್ಟಿ ಆಣೆ ಮಾಡ್ಬುಟ್ರೆ ಕೋರ್ಟಿಗಿಂತ ಗಟ್ಟಿ.

“ನಾಮಿನೇಷನ್ ವಾಪಸ್ ತಕೊಂತೀನಿ ಅಂತ ಮುಟ್ಟು.”

“ಇಷ್ಟ್ ವರ್ಸ ಒಳೀಕ್ ಬ್ಯಾಡ್ದೋಳು, ಇವತ್ತು ಆಣೆಗೆ ಬೇಕಾದ್ನಾ ಬುದ್ಧಿ?” ಅಂದು ಕೈ ಕಟ್ಕೊಂಡು ನಿಂತ್ಲು ದೊಡ್ಡವ್ವ.

ಯಜಮಾನ್ರು ಅವಳ ಮುಖಾನೂ ನೋಡ್ನಿಲ್ಲ. ಮೆಟ್ಲು ಕೆಳಗೆ ನಿಂತಿದ್ದ ನಮ್ಮನ್ನ ನೋಡುದ್ರು. “ಏನ್ರಪ್ಪಾ, ಈ ಸಲ ಕಬ್ಬು ಕಡಿಯಕ್ಕೆ ಬಳ್ಳಾರಿ ಕಡೆಯೋರ್ನ ಕರ್ಸದಾ, ಎಂಗೆ?” ಅಂದ್ರು. ಕೂಗಾಟ ಇಲ್ಲ, ಬೈಗುಳ ಇಲ್ಲ. ಕೇಳುದ್ರು, ಎದ್ದೋದ್ರು.

ಆಮೇಲೆ ಅವಳನ್ನ ಕಾಡ್ದೋರು ಅವ್ರಲ್ಲ, ನಮ್ಮೋರೇ. ಮನೆ ಮುಂದೆ ನಿಂತ್ಕೊಂಡು “ನಿಂಗೆ ಮೆಂಬ್ರು ಚಟ, ನಮ್ಗೆ ಒಟ್ಟೆ ಚಿಂತೆ ಕಣಮ್ಮ” ಅಂದ್ರು. ಒಬ್ಳಂತೂ ಕೂಸು ತಂದು ಅವಳ ಕಾಲ ಮೇಲೆ ಮಲಗುಸ್ಬುಟ್ಲು. ಕೊನೆಗೆ ನಮ್ಮವ್ವಾನೂ “ಬುಟ್ಬುಡಕ್ಕ” ಅಂತ ಕಣ್ಣೀರಾಕುದ್ಲು.

ಮಾರ್ನೇ ದಿನ ದೊಡ್ಡವ್ವ ಪಂಚಾಯ್ತಿ ಆಫೀಸಿಗೋಗಿ ವಾಪಸ್ ತಕೊಂಡ್ಲು.

ಓಟಿನ ದಿನ ಒಳ್ಳೇ ಸೀರೆ ಉಟ್ಕೊಂಡು, ಕಾರ್ಡು ಕೈಲಿಡ್ಕೊಂಡು ಇಸ್ಕೂಲ್ತಾವ್ಕೆ ಒರಟೇಬುಟ್ಲು. “ನಮ್ ವಾರ್ಡಿಗೆ ಓಟಿಲ್ಲ ಕಣವ್ವ” ಅಂದ್ರೂ ಕೇಳ್ನಿಲ್ಲ. ನಾನೂ ಅವಳ ಇಂದೇ ಓದೆ. ಪಕ್ಕದ ವಾರ್ಡಿನೋರ ಜೊತೆ ನಿಂತ್ಲು. ಮೇಜಿನ ಮುಂದಿದ್ದ ಮೇಡಮ್ಮು ಕಾರ್ಡ್ ನೋಡಿ, “ನಿಮ್ದು ಅವಿರೋಧ ಆಯ್ಕೆ ಆಗಿದೆ ಅಜ್ಜಿ. ಎಲ್ರೂ ಒಪ್ಕೊಂಡಿದ್ದೀರಲ್ಲ” ಅಂದ್ರು.

“ಯಾರವ್ವ ಒಪ್ಕೊಂಡೋರು?”

ಆಯಮ್ಮಂಗೇನ್ ಗೊತ್ತು, ಕಾರ್ಡ್ ವಾಪಸ್ ಕೊಟ್ರು. ಇಂದಿಂದ ಯಾರೋ “ಜಾಗ ಬುಡಜ್ಜಿ, ಬಿಸ್ಲು” ಅಂತ ಕೂಗುದ್ರು.

ಬುಟ್ಲು. ಮಧ್ಯಾಹ್ನಕ್ಕೆ ಸೀರೆ ಬದಲಾಯ್ಸಿ, ಯಜಮಾನ್ರ ಗದ್ದೇಲಿ ಕಬ್ಬು ಕಡೀತಿದ್ಲು.