ರೇಣವ್ವನ ತೊಟ್ಟಿಯ ನೀರು

ನನ್ನ ಹಸು ಗೌರಿ ಬದು ದಾಟಿ ಹೋಗಿ ಮೈದುನನ ಹೆಂಡತಿ ರೇಣವ್ವನ ತೊಟ್ಟಿಗೆ ಬಾಯಿ ಹಾಕಿತು. ಇತ್ತ ಹುಲ್ಲುಗಾವಲಿನಲ್ಲಿ, ತಾನಾಗಿಯೇ ತುಂಬಿಕೊಳ್ಳುವ ನನ್ನ ಹೊಸ ತೊಟ್ಟಿ ತುಂಬಿ ನಿಂತಿತ್ತು. ನನಗೆ ಹೊಟ್ಟೆ ಉರಿಯಿತು.

"ನೀರಿಗಿ ಏನ್ ಹಾಕೀಯೇ?" ಎಂದೆ.

"ಬೆಲ್ಲ ಹಾಕೀನಿ" ಎಂದು ನಕ್ಕಳು. "ನಿನ್ನ ಪೈಪ್ ಬಿಸಿಲಿಗಿ ಬಿದ್ದೈತಲ್ಲಕ್ಕಾ, ನೀರು ಕಾದು ಬರ್ತಾವು. ಒಮ್ಮೆರ ಕೈ ಅದ್ದಿ ನೋಡೀಯೇನು? ನಂದು ಮಣ್ಣಾಗ ಹೂತೀನಿ."

ನಾನು ನೋಡಿರಲಿಲ್ಲ. ಆಗ ನಾನೂ ನಕ್ಕೆನೆಂದು ನೆನಪು. ನಗಲೇ ಇಲ್ಲ ಎನ್ನುತ್ತಾಳೆ ರೇಣವ್ವ. ಅವಳ ಮಾತೇ ನಿಜವಿರಬೇಕು.

ಮರುದಿನವೇ ಪೈಪ್ ಹೂಳಿಸಿದೆ. ಈಗ ಗೌರಿ ನಮ್ಮಲ್ಲೇ ಕುಡಿಯುತ್ತದೆ. ಆದರೂ ಕುಡಿಯುತ್ತ ಕುಡಿಯುತ್ತ ಅದು ಒಮ್ಮೆ ತಲೆಯೆತ್ತಿ ರೇಣವ್ವನ ಕಡೆ ನೋಡಿದರೆ ಸಾಕು, ನೀರು ತಣ್ಣಗಿದೆಯೇ ಎಂದು ಮುಟ್ಟಿ ನೋಡಲು ಓಡುತ್ತೇನೆ.